ಆ ನಾಣ್ಯ ಬಿದ್ದದ್ದು ನಿಮ್ಮ ಕುರ್ಚಿಯ ಕೆಳಗೇ!

ಕಣ್ಣು ಮುಚ್ಚಿ. ಈಗ ಹೇಳಿ, ತಬಲಾ ಎಲ್ಲಿದೆ?

ಎಡಕ್ಕೆ? ಅಲ್ಲ. ಬಲಕ್ಕೆ? ಅಲ್ಲ. ಎದುರಿಗೆ? ಅಲ್ಲವೇ ಅಲ್ಲ. ಬೆನ್ನ ಹಿಂದೆ! ಕೈ ಚಾಚಿದರೆ ಸಿಗುವಷ್ಟು ಹತ್ತಿರ!

ರಾಮನಗರದ ನಮ್ಮ ಮನೆಯ ಹಜಾರ. ರಾತ್ರಿ ಒಂಬತ್ತೂವರೆ. ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ತನ್ನ ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸಿದ. "ಮಾವ, ಸುಮ್ನೆ ಕಣ್ ಮುಚ್ಕೊಂಡು ಕೂತ್ಕೊಳಿ" ಎಂದ. ಹಾಡು ಶುರುವಾಯಿತು. ಮೊದಲು ಕೊಳಲು, ಬಲಗಡೆ ಕಿಟಕಿಯ ಹತ್ತಿರ. ಆಮೇಲೆ ಹಾಡುವವರ ದನಿ, ಎದುರಿಗೆ ಟಿ.ವಿ. ಇರುವ ಕಡೆಯಿಂದ. ಆಮೇಲೆ ತಬಲಾ! ಕತ್ತು ತಿರುಗಿಸಿ ಹಿಂದೆ ನೋಡಿದೆ. ಗೋಡೆ. ಬರೀ ಗೋಡೆ!

ಅಷ್ಟರಲ್ಲಿ ಸೂರಿನಿಂದ ಗೆಜ್ಜೆ ಉದುರಿತು. ಹೌದು, ಮೇಲಿನಿಂದ! ಮಳೆಯ ಮೊದಲ ಹನಿ ನೆತ್ತಿಗೆ ಬಿದ್ದಂತೆ!

ಇದಕ್ಕೆ ಡಾಲ್ಬಿ ಅಟ್ಮಾಸ್ ಎನ್ನುತ್ತಾರೆ. ಸ್ಪೇಷಿಯಲ್ ಆಡಿಯೊ ಎಂದೂ ಕರೆಯುತ್ತಾರೆ. 2021ರಲ್ಲಿ ಆ್ಯಪಲ್ ಮ್ಯೂಸಿಕ್ ಇದನ್ನು ಮಾಮೂಲಿ ಚಂದಾದಲ್ಲೇ ಕೊಡಲು ಶುರುಮಾಡಿತು. ಅಲ್ಲಿಂದಾಚೆಗೆ ಸಿನಿಮಾ ಟಾಕೀಸಿನ ಸರೌಂಡ್ ಸೌಂಡ್ ಹಾಡಿನ ರೂಪದಲ್ಲಿ ಇಂಟರ್ನೆಟ್ಟಿನ ತಂತಿ ಹಿಡಿದು ಮನೆಯೊಳಕ್ಕೆ ನಡೆದುಬಂತು. ಹೆಸರುಗಳ ಮಾತು ಅಲ್ಲಿರಲಿ. ಆ ರಾತ್ರಿ ನನ್ನ ನಿದ್ದೆ ಕೆಡಿಸಿದ ಸಂಗತಿ ಬೇರೆ.

ಸುತ್ತಲೂ ಸುಳಿಯುವ ಈ ಸದ್ದಿನ ಕಥೆ ಭಾರತದಲ್ಲಿ ಎಲ್ಲಿಂದ ಹೊರಟಿತು ಗೊತ್ತೆ? ಮುಂಬಯಿಯ ಸ್ಟುಡಿಯೊದಿಂದಲೇ? ಮದರಾಸಿನಿಂದಲೇ? ಊಹಿಸಿ!

ನಮ್ಮ ಬಂಡೆಗಳಿಂದ! ರಾಮದೇವರ ಬೆಟ್ಟದ ಬುಡದಿಂದ!

1975ಕ್ಕೆ ಹೋಗೋಣ. ಚಿತ್ರಮಂದಿರ ತುಂಬಿದೆ. ಕತ್ತಲು. ತೆರೆಯ ಮೇಲೆ ಒಬ್ಬ ನಾಣ್ಯ ಚಿಮ್ಮುತ್ತಾನೆ. ಅದು ಮೇಲೆ ಹೋಗುತ್ತದೆ, ತಿರುಗುತ್ತದೆ, ಠಣ್ ಎಂದು ಬೀಳುತ್ತದೆ. ಜನ ಏನು ಮಾಡಿದರು? ಬಗ್ಗಿದರು! ಕುರ್ಚಿಯ ಕೆಳಗೆ ನಾಣ್ಯ ಹುಡುಕಿದರು! ತೆರೆಯ ಮೇಲೆ ಬೀಳಬೇಕಾದ ನಾಣ್ಯ ತಮ್ಮ ಕಾಲ ಬುಡದಲ್ಲೇ ಬಿತ್ತು ಎಂದುಕೊಂಡರು! 'ಶೋಲೆ' ನೋಡಿದ ಹಿರಿಯರನ್ನು ಕೇಳಿ, ಈ ಕಥೆಯನ್ನು ಇವತ್ತಿಗೂ ಕಣ್ಣರಳಿಸಿಕೊಂಡು ಹೇಳುತ್ತಾರೆ.

ಸ್ಟಿರಿಯೊಫೋನಿಕ್ ಧ್ವನಿ ಇದ್ದ ಭಾರತದ ಮೊದಲ ಚಿತ್ರವೆಂದು ಹಲವರು ಹೆಸರಿಸುವುದು ಇದೇ 'ಶೋಲೆ'ಯನ್ನು. ಚಿತ್ರೀಕರಣ 1973ರ ಅಕ್ಟೋಬರ್‌ನಲ್ಲಿ ಇಲ್ಲಿ ಶುರುವಾಯಿತು. ನಿರ್ದೇಶಕ ರಮೇಶ್ ಸಿಪ್ಪಿಯವರ ತಂಡ ಬೆಟ್ಟದ ಬುಡದಲ್ಲಿ ಒಂದು ಹಳ್ಳಿಯನ್ನೇ ಕಟ್ಟಿತು. ತೆರೆಯ ಮೇಲಿನ ರಾಮಗಢ ಅಂದರೆ ನಮ್ಮ ರಾಮನಗರ! ಚಿತ್ರೀಕರಿಸಿದ್ದು ಸಾಮಾನ್ಯ 35 ಎಂ.ಎಂ. ಫಿಲ್ಮಿನಲ್ಲಿ. ಅದನ್ನು ಲಂಡನ್‌ನಲ್ಲಿ 70 ಎಂ.ಎಂ.ಗೆ ಹಿಗ್ಗಿಸಿದರು. 70 ಎಂ.ಎಂ. ಫಿಲ್ಮಿನ ಅಂಚಿನಲ್ಲಿ ಕಾಂತೀಯ ಪಟ್ಟಿಗಳಿರುತ್ತವೆ. ಅವುಗಳಲ್ಲಿ ಎಷ್ಟು ಧ್ವನಿ ಟ್ರ್ಯಾಕುಗಳಿಗೆ ಜಾಗ? ಒಂದಲ್ಲ, ಎರಡಲ್ಲ. ಆರು!

ಒಂದೇ ಕೊಳವೆಯಿಂದ ಬರುತ್ತಿದ್ದ ಸದ್ದು ಒಮ್ಮೆಗೇ ಆರು ದಾರಿ ಹಿಡಿಯಿತು. ಉಯ್ಯಾಲೆಯ ಕೀರಲು, ಬೂಟಿನ ಸದ್ದು, ಕುದುರೆಯ ಗೊರಸು. ಆರ್.ಡಿ. ಬರ್ಮನ್ ಅವರ ಸಂಗೀತದಲ್ಲಿ ಆ ಹಾರ್ಮೋನಿಕಾ! ಸದ್ದುಗಳಿಗೆ ಎಡ ಬಲ ಬಂತು. ವಿಳಾಸ ಬಂತು!

ಅದೇ ಚಿತ್ರದ ಮಾತುಗಳನ್ನು ಪಾಲಿಡಾರ್ ಕಂಪನಿ ಗ್ರಾಮಫೋನ್ ರೆಕಾರ್ಡ್ ಮಾಡಿ ಮಾರಿತು. ಹಾಡಲ್ಲ, ಮಾತು! ಮದುವೆ ಮನೆಯ ಮೈಕ್ ಸೆಟ್‌ಗಳಲ್ಲಿ, ಹೋಟೆಲುಗಳಲ್ಲಿ, ಜಾತ್ರೆಗಳಲ್ಲಿ ಜನ ಸಂಭಾಷಣೆ ಹಾಕಿ ಕೇಳಿದರು. ಚಿತ್ರ ಕಾಣದೆ ಬರೀ ಕಿವಿಯಲ್ಲಿ ರಾಮಗಢ ನೋಡಿದರು! ಸಿನಿಮಾದ ಸದ್ದು ಮನೆಗೆ ಬರುವುದು ಹೊಸದೇನಲ್ಲ. ಅದರ ಹಾದಿಯೂ ನಮ್ಮೂರನ್ನು ಹಾದೇ ಬಂದಿದೆ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿರಾ? ತಡೆಯಿರಿ!

ವರ್ಷಗಳು ಕಳೆದವು. ಇನ್ನೊಂದು ತಂಡ ಇದೇ ಬಂಡೆಗಳನ್ನು ಹುಡುಕಿಕೊಂಡು ಬಂತು. ಈ ಸಲ ನಿರ್ದೇಶಕರು ಯಾರು? 'ಲಾರೆನ್ಸ್ ಆಫ್ ಅರೇಬಿಯಾ' ಮಾಡಿದ ಡೇವಿಡ್ ಲೀನ್! ಚಿತ್ರ? 'ಎ ಪ್ಯಾಸೇಜ್ ಟು ಇಂಡಿಯಾ'. ಇ.ಎಂ. ಫಾರ್ಸ್ಟರ್ ಅವರ 1924ರ ಕಾದಂಬರಿ. ಆ ಕಾದಂಬರಿಯ ಹೃದಯದಲ್ಲಿರುವುದು ಏನು ಹೇಳಿ ನೋಡೋಣ.

ಒಂದು ಪ್ರತಿಧ್ವನಿ!

ಮಾರಬಾರ್ ಗುಹೆಯೊಳಗೆ ಹೆಜ್ಜೆ ಇಟ್ಟವರನ್ನು ಬೆನ್ನಟ್ಟುವ, ತಲೆಯೊಳಗೆ ಕೂತು ಎದ್ದೇ ಹೋಗದ ಪ್ರತಿಧ್ವನಿ. ಕಾದಂಬರಿಗೆ ಮಾದರಿಯಾದ ಗುಹೆಗಳಿರುವುದು ಬಿಹಾರದಲ್ಲಿ. ಲೀನ್ ಅಲ್ಲಿಗೆ ಹೋಗಿ ನೋಡಿದರು. ಹಿಡಿಸಲಿಲ್ಲ. ಆರಿಸಿಕೊಂಡದ್ದು ಯಾವುದನ್ನು? ಮಾಗಡಿಯ ಸಾವನದುರ್ಗವನ್ನು! ನಮ್ಮ ರಾಮದೇವರ ಬೆಟ್ಟವನ್ನು! ಗುಹೆಯ ಬಾಯಿಗಳನ್ನು ಚಿತ್ರಕ್ಕೆಂದೇ ಬಂಡೆಯಲ್ಲಿ ಕೊರೆದರು. 1984ರಲ್ಲಿ ಚಿತ್ರ ತೆರೆಕಂಡಿತು. 11 ಆಸ್ಕರ್ ನಾಮನಿರ್ದೇಶನ, ಅದರಲ್ಲಿ ಧ್ವನಿಗೂ ಒಂದು. ಗೆದ್ದದ್ದು ಎರಡು, ಅದರಲ್ಲಿ ಸಂಗೀತಕ್ಕೆ ಒಂದು!

ಒಂದೇ ಜಿಲ್ಲೆ. ಎರಡು ಚಿತ್ರ. ಒಂದು ಭಾರತಕ್ಕೆ ಸ್ಟಿರಿಯೊ ಕೇಳಿಸಿದ್ದು, ಇನ್ನೊಂದು ಪ್ರತಿಧ್ವನಿಯನ್ನೇ ಕಥೆ ಮಾಡಿಕೊಂಡದ್ದು. ಎರಡೂ ಈ ಬಂಡೆಗಳ ಮುಂದೆ ಬಂದು ನಿಂತವು!

ಬಂಡೆಗಳ ವಯಸ್ಸೆಷ್ಟು ಗೊತ್ತೆ? ಸಾವಿರ ವರ್ಷ? ಲಕ್ಷ? ಹೇಳಿಬಿಡುತ್ತೇನೆ: ಸುಮಾರು 250 ಕೋಟಿ ವರ್ಷ! ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತಲ್ಲ, ಭೂವಿಜ್ಞಾನಿಗಳು ಈ ಕಲ್ಲನ್ನು ಜಗತ್ತಿನಾದ್ಯಂತ ಇವತ್ತಿಗೂ 'ಕ್ಲೋಸ್‌ಪೇಟ್ ಗ್ರಾನೈಟ್' ಎಂದೇ ಕರೆಯುತ್ತಾರೆ. ಈ ಗ್ರಾನೈಟು ಜಿಪುಣನಲ್ಲ. ತನಗೆ ಬಡಿದ ಸದ್ದಿನಲ್ಲಿ ಬಹುಪಾಲನ್ನು ಹಾಗೇ ವಾಪಸ್ ಕೊಡುತ್ತದೆ.

ಪರೀಕ್ಷೆ ಮಾಡುತ್ತೀರಾ? ಸಾವನದುರ್ಗದ ಬೋಳು ಬಂಡೆಗೆ ಮುಖಮಾಡಿ ದೂರದಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಚಪ್ಪಾಳೆ ಒಂದು ಸೆಕೆಂಡಿಗೆ ಮರಳಿದರೆ ಬಂಡೆ 170 ಮೀಟರ್ ದೂರದಲ್ಲಿದೆ. ಅಳತೆಪಟ್ಟಿ ಇಲ್ಲದೆ ಬೆಟ್ಟ ಅಳೆದುಬಿಟ್ಟಿರಿ! (ರಾಮದೇವರ ಬೆಟ್ಟದಲ್ಲಿ ಮಾತ್ರ ದಯವಿಟ್ಟು ಸದ್ದು ಮಾಡಬೇಡಿ. 2012ರಿಂದ ಅದು ರಣಹದ್ದುಗಳ ಧಾಮ. ಅವುಗಳ ಮನೆಯಂಗಳ ಅದು.)

ಈಗ ನನ್ನ ಹಜಾರಕ್ಕೆ ವಾಪಸ್ ಬನ್ನಿ. ಬಂಡೆಯಿಲ್ಲ, ಗುಹೆಯಿಲ್ಲ. ಕಿವಿಯ ಮೇಲೆ ಎರಡೇ ಎರಡು ಪುಟ್ಟ ಸ್ಪೀಕರ್. ಮತ್ತೆ ಹಿಂದಿನ ತಬಲಾ ಎಲ್ಲಿಂದ ಬಂತು? ಮೇಲಿನ ಗೆಜ್ಜೆ?

ಗುಟ್ಟಿರುವುದು ಯಂತ್ರದಲ್ಲಿ ಅಲ್ಲ. ನಿಮ್ಮ ಕಿವಿಯಲ್ಲಿ!

ಬಲಗಡೆಯಿಂದ ಬಂದ ಸದ್ದು ಮೊದಲು ಬಲಗಿವಿ ಮುಟ್ಟುತ್ತದೆ, ಆಮೇಲೆ ಎಡಗಿವಿ. ನಡುವಿನ ತಡ ಎಷ್ಟು? ಸೆಕೆಂಡಿನ ಸಾವಿರದ ಒಂದು ಭಾಗವೂ ಇಲ್ಲ! ಆ ಚೂರು ತಡದಲ್ಲೂ ಎಷ್ಟು ಸಣ್ಣ ವ್ಯತ್ಯಾಸವನ್ನು ಮಿದುಳು ಹಿಡಿಯಬಲ್ಲದು? ಒಂದು ಸೆಕೆಂಡನ್ನು ಲಕ್ಷ ಚೂರು ಮಾಡಿ. ಅದರಲ್ಲಿ ಒಂದೇ ಒಂದು ಚೂರು. ಅಷ್ಟನ್ನು! ನೀವು ಒಮ್ಮೆ ರೆಪ್ಪೆ ಬಡಿಯುವುದರೊಳಗೆ ಇಂಥ ಹತ್ತು ಸಾವಿರಕ್ಕೂ ಹೆಚ್ಚು ಚೂರುಗಳು ಕಳೆದುಹೋಗಿರುತ್ತವೆ!

ಈ ಲೆಕ್ಕವನ್ನು ನಿಮಗೆ ಯಾರು ಕಲಿಸಿದರು? ಯಾರೂ ಇಲ್ಲ. ಹುಟ್ಟಿ ಕೆಲವೇ ದಿನವಾದ ಕೂಸಿನ ಪಕ್ಕದಲ್ಲಿ ಗಿಲಕಿ ಆಡಿಸಿ. ಕೂಸು ಮೆಲ್ಲಗೆ ಆ ಕಡೆಗೇ ತಲೆ ಹೊರಳಿಸುತ್ತದೆ. ವಿಜ್ಞಾನಿಗಳು ಇದನ್ನು ಗಿಲಕಿ ಹಿಡಿದೇ ಪರೀಕ್ಷಿಸಿ ನೋಡಿದ್ದಾರೆ! ಚನ್ನಪಟ್ಟಣದ ಕುಶಲಕರ್ಮಿ ಹಾಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡಿದ ಆ ಗಿಲಕಿ ಇದೆಯಲ್ಲ, ಅದೇ ಮಗುವಿನ ಮೊಟ್ಟಮೊದಲ ಸರೌಂಡ್ ಸೌಂಡ್ ಯಂತ್ರ! ತೊಟ್ಟಿಲ ಎಡಕ್ಕೆ ಆಡಿಸಿ, ಬಲಕ್ಕೆ ಆಡಿಸಿ. ಅಜ್ಜಿಯರು ಇದನ್ನು ಎಷ್ಟು ತಲೆಮಾರಿನಿಂದ ಮಾಡುತ್ತಾ ಬಂದರೋ!

ಎಡ ಬಲ ಸರಿ. ಮೇಲೆ ಕೆಳಗೆ ಹೇಗೆ ಗೊತ್ತಾಗುತ್ತದೆ?

ಕನ್ನಡಿ ಮುಂದೆ ನಿಂತು ನಿಮ್ಮ ಕಿವಿ ನೋಡಿಕೊಳ್ಳಿ. ಆ ಮಡಿಕೆಗಳು, ಆ ಕೊರಕಲುಗಳು. ಅವು ಅಂದಕ್ಕಲ್ಲ! ಮೇಲಿನಿಂದ ಬಂದ ಸದ್ದು ಆ ಮಡಿಕೆಗಳಿಗೆ ಒಂದು ರೀತಿ ಬಡಿದು ಒಳಗಿಳಿಯುತ್ತದೆ. ಕೆಳಗಿನಿಂದ ಬಂದದ್ದು ಇನ್ನೊಂದು ರೀತಿ. ನಿಮ್ಮ ಮಿದುಳಿಗೆ ನಿಮ್ಮ ಕಿವಿಯ ಒಂದೊಂದು ಸುಕ್ಕೂ ಬಾಯಿಪಾಠ!

ನಂಬಿಕೆಯಾಗಲಿಲ್ಲವೆ? 1998ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ನಾಲ್ಕು ಜನರ ಕಿವಿಯ ಮಡಿಕೆಗಳಿಗೆ ಅಚ್ಚು ತುಂಬಿ ಆಕಾರ ಬದಲಿಸಿದರು. ಏನಾಯಿತು? ಸದ್ದು ಮೇಲಿದೆಯೋ ಕೆಳಗಿದೆಯೋ ಅವರಿಗೆ ತಿಳಿಯದೇ ಹೋಯಿತು! ಕೆಲವು ವಾರ ಅಚ್ಚು ಹಾಕಿಕೊಂಡೇ ಓಡಾಡಿದರು. ಮೆಲ್ಲಮೆಲ್ಲಗೆ ಹೊಸ ಕಿವಿ ಒಗ್ಗಿತು. ಆಮೇಲೆ ಅಚ್ಚು ತೆಗೆದರು. ಈಗ ಹಳೆಯ ಕಿವಿ ಮರೆತುಹೋಗಿರಬೇಕಲ್ಲವೆ? ಇಲ್ಲ! ಮರುಕ್ಷಣವೇ ಎಲ್ಲ ಸರಿಯಾಗಿ ಕೇಳಿಸಿತು. ಮಿದುಳು ಎರಡು ಜೊತೆ ಕಿವಿಗಳ ನಕ್ಷೆಯನ್ನು ಒಟ್ಟಿಗೇ ಇಟ್ಟುಕೊಂಡಿತ್ತು!

ಹೆಡ್‌ಫೋನಿನ ಮಾಯೆ ನಿಂತಿರುವುದು ಈ ನಕ್ಷೆಯ ಮೇಲೆ. ಬೆನ್ನ ಹಿಂದಿನ ತಬಲಾ ಕಿವಿಯ ಮಡಿಕೆ ದಾಟುವಾಗ ಹೇಗೆ ಬದಲಾಗುತ್ತಿತ್ತೋ, ಕಂಪ್ಯೂಟರು ಲೆಕ್ಕ ಹಾಕಿ ಹಾಗೇ ಬದಲಿಸಿ ಕೇಳಿಸುತ್ತದೆ. 2022ರಿಂದ ಕೆಲವು ಐಫೋನ್‌ಗಳು ಇನ್ನೂ ಮುಂದೆ ಹೋಗಿವೆ. ಕ್ಯಾಮೆರಾಕ್ಕೆ ನಿಮ್ಮ ಕಿವಿ ತೋರಿಸಿದರೆ ಸಾಕು, ಆ ಕಿವಿಗೆ ಒಪ್ಪುವಂತೆ ಸದ್ದನ್ನು ಹೊಲಿದುಕೊಡುತ್ತವೆ. ದರ್ಜಿ ಅಂಗಿಗೆ ಅಳತೆ ತೆಗೆದ ಹಾಗೆ!

ಇನ್ನೊಂದಿದೆ, ಕೇಳಿ! ಕೆಲವು ಹೆಡ್‌ಫೋನ್‌ಗಳಲ್ಲಿ ನಿಮ್ಮ ತಲೆ ಎತ್ತ ತಿರುಗಿತು ಎಂದು ಗಮನಿಸುವ ಸಾಧನವಿರುತ್ತದೆ. ಗಾಯಕಿ ನಿಮ್ಮೆದುರು, ಮೊಬೈಲ್ ಇಟ್ಟ ಜಾಗದಲ್ಲಿ ಹಾಡುತ್ತಿದ್ದಾಳೆ. ನೀವು ತಲೆಯನ್ನು ಎಡಕ್ಕೆ ಹೊರಳಿಸಿ. ಆಕೆ ನಿಮ್ಮ ಜೊತೆ ತಿರುಗುವುದಿಲ್ಲ! ಅಲ್ಲೇ ನಿಲ್ಲುತ್ತಾಳೆ! ಈಗ ದನಿ ಬಲಗಿವಿಯಲ್ಲಿ! ಮೊದಲ ಸಲ ಹೀಗಾದಾಗ ಹೆಡ್‌ಫೋನ್ ತೆಗೆದು ನೋಡಿದೆ, ಹಾಡು ಮೊಬೈಲಿನಿಂದಲೇ ಬರುತ್ತಿದೆಯೇ ಎಂದು. ಮೊಬೈಲ್ ಮೌನವಾಗಿತ್ತು!

ಹಾಡನ್ನು ಹೀಗೆ ಕಟ್ಟುವುದು ಹೇಗೆ? ಊಟದ ಮಾತಲ್ಲಿ ಹೇಳುತ್ತೇನೆ. ಹಳೆಯ ಸ್ಟಿರಿಯೊ ಹಾಡು ಅಂದರೆ ಕಲಸಿಟ್ಟ ಅನ್ನ. ಸ್ಟುಡಿಯೊದಲ್ಲೇ ಕಲಸಿ ಮುಗಿದಿರುತ್ತದೆ, ಬೇರೆ ಮಾಡಲಾಗದು. ಅಟ್ಮಾಸ್ ಅಂದರೆ ಬಾಳೆಲೆ ಊಟ! ಉಪ್ಪಿಗೆ ಅದರದೇ ಜಾಗ, ಉಪ್ಪಿನಕಾಯಿಗೆ ಅದರದೇ ಜಾಗ, ಕೋಸಂಬರಿ ಇಲ್ಲಿ, ಪಲ್ಯ ಅಲ್ಲಿ. ಒಂದೊಂದು ಸದ್ದಿನ ಜೊತೆಗೂ ಅದು ಎಲ್ಲಿ ಕೂರಬೇಕು ಎಂಬ ಚೀಟಿ ಅಂಟಿರುತ್ತದೆ. ಎಷ್ಟು ಮುಂದೆ, ಎಷ್ಟು ಪಕ್ಕಕ್ಕೆ, ಎಷ್ಟು ಎತ್ತರ. ಎಲೆ ಹಾಕಿ ಬಡಿಸುವ ಕೆಲಸ ನಿಮ್ಮ ಮನೆಯ ಯಂತ್ರದ್ದು! ಎಲೆ ದೊಡ್ಡದಿದ್ದರೆ ಅಗಲವಾಗಿ ಬಡಿಸುತ್ತದೆ, ಚಿಕ್ಕದಿದ್ದರೆ ಒತ್ತೊತ್ತಾಗಿ.

ಅಟ್ಮಾಸ್‌ನಲ್ಲಿ ಒಟ್ಟು ಎಷ್ಟು ಟ್ರ್ಯಾಕು? 128! ಚಿತ್ರಮಂದಿರದಲ್ಲಿ ಎಷ್ಟು ಸ್ಪೀಕರ್‌ಗಳಿಗೆ ಬೇರೆ ಬೇರೆ ಸದ್ದು ಕಳಿಸಬಹುದು? 64! ಮನೆಯಲ್ಲಿ? ಸುತ್ತ 24, ಸೂರಿನಲ್ಲಿ 10ರವರೆಗೆ! ಆದರೆ ಕೇಳಿ ಖುಷಿಪಡಲು ಬೇಕಾದದ್ದು ಎಷ್ಟು?

ಎರಡು. ಎರಡೇ! ಎಡಗಿವಿಗೆ ಒಂದು, ಬಲಗಿವಿಗೆ ಒಂದು.

ಇಷ್ಟೆಲ್ಲ ತುಂಬಿದ ಹಾಡು ಇಂಟರ್ನೆಟ್ಟಿನಲ್ಲಿ ಹರಿದು ಬರಬೇಕಾದರೆ ಎಷ್ಟು ಡೇಟಾ ನುಂಗುತ್ತದೆ? ನಾನು ನೂರಾರು ಎಂ.ಬಿ. ಎಂದುಕೊಂಡಿದ್ದೆ. ಆ್ಯಪಲ್ ಮ್ಯೂಸಿಕ್‌ನ ಅಟ್ಮಾಸ್ ಹಾಡು ಹರಿಯುವುದು ಸೆಕೆಂಡಿಗೆ 768 ಕಿಲೋಬಿಟ್‌ನಂತೆ. ಐದು ನಿಮಿಷದ ಹಾಡಿಗೆ ಲೆಕ್ಕ ಹಾಕಿದೆ. ಬರೀ 29 ಎಂ.ಬಿ.! ವಾಟ್ಸ್ಆ್ಯಪ್‌ನಲ್ಲಿ ಬರುವ ಎಷ್ಟೋ ಮದುವೆ ವಿಡಿಯೊಗಳು ಇದಕ್ಕಿಂತ ಭಾರ! ಹೇಗೆ ಸಾಧ್ಯವಾಯಿತು? ಹತ್ತಿರ ಹತ್ತಿರ ಕೂತ ಸದ್ದುಗಳನ್ನು ಗುಂಪು ಮಾಡಿ, ಹೆಚ್ಚೆಂದರೆ 16 ಮೂಟೆ ಕಟ್ಟಿ ಕಳಿಸುತ್ತಾರೆ. ಕಿವಿಗೆ ಮಾತ್ರ ಮೂಟೆ ಕಾಣದು, ಹಾಡಷ್ಟೇ ಕೇಳುತ್ತದೆ.

ಹೆಡ್‌ಫೋನ್ ಬೇಡ, ಮನೆಮಂದಿಯೆಲ್ಲ ಕೂತು ಕೇಳಬೇಕು ಎನ್ನುತ್ತೀರಾ? ಹಾಗಾದರೆ ಸೌಂಡ್‌ಬಾರ್. ಅಟ್ಮಾಸ್ ಸೌಂಡ್‌ಬಾರ್ ಕೊಳ್ಳುವಾಗ ಒಂದೇ ಒಂದು ಕೇಳಿ: ಮೇಲ್ಮುಖವಾಗಿ ಸದ್ದು ಹೊಮ್ಮಿಸುವ ಸ್ಪೀಕರ್ ಇದೆಯೇ? ಇದ್ದರೆ ಅದು ಸದ್ದನ್ನು ಸೂರಿಗೆ ಎಸೆಯುತ್ತದೆ. ಸೂರು ಅದನ್ನು ನಿಮ್ಮ ನೆತ್ತಿಗೆ ವಾಪಸ್ ಎಸೆಯುತ್ತದೆ. ಎಲ್ಲೋ ಕೇಳಿದ ಹಾಗಿದೆಯಲ್ಲ? ಸಾವನದುರ್ಗದ ಚಪ್ಪಾಳೆ! ಅದೇ ಪ್ರತಿಧ್ವನಿ, ಈಗ ನಿಮ್ಮ ಹಜಾರದಲ್ಲಿ! ಸಮತಟ್ಟಾದ ಆರ್‌ಸಿಸಿ ಸೂರು ಹತ್ತಡಿ ಎತ್ತರದಲ್ಲಿದ್ದರೆ ಬೊಂಬಾಟ್. ಇಳಿಜಾರಿನ ಹೆಂಚಿನ ಮನೆಯಲ್ಲಿ ಸದ್ದು ಎತ್ತೆತ್ತಲೋ ಚದುರುತ್ತದೆ. ಅಲ್ಲಿ ಹೆಡ್‌ಫೋನೇ ವಾಸಿ.

ಈ ಡಾಲ್ಬಿ ಅಂದರೆ ಯಾರು? ಕಂಪನಿಯ ಹೆಸರು ಎಂದಷ್ಟೇ ಅಂದುಕೊಂಡಿದ್ದೆ. ಅದೊಬ್ಬ ಮನುಷ್ಯನ ಹೆಸರು. ರೇ ಡಾಲ್ಬಿ, ಅಮೆರಿಕದವರು. 1965ರಲ್ಲಿ ಲಂಡನ್‌ನಲ್ಲಿ ಕಂಪನಿ ಕಟ್ಟಿದರು. ಅದಕ್ಕೆ ಮುಂಚಿನ ಎರಡು ವರ್ಷ ಎಲ್ಲಿದ್ದರು? ಹೇಳಿ ನೋಡೋಣ. ಹಾಲಿವುಡ್? ನ್ಯೂಯಾರ್ಕ್?

ಭಾರತದಲ್ಲಿ! ಚಂಡೀಗಢದಲ್ಲಿ! ವಿಶ್ವಸಂಸ್ಥೆಯ ಸಲಹೆಗಾರರಾಗಿ ಬಂದು, ವೈಜ್ಞಾನಿಕ ಉಪಕರಣಗಳ ಕೇಂದ್ರ ಸಂಸ್ಥೆ ಕಟ್ಟಲು ನೆರವಾಗುತ್ತಿದ್ದರು! ನಮ್ಮ ನೆಲದಿಂದ ಎದ್ದು ನೇರ ಲಂಡನ್‌ಗೆ ಹೋಗಿ ಡಾಲ್ಬಿ ಲ್ಯಾಬೊರೇಟರೀಸ್ ತೆರೆದರು. ಈ ಸಂಗತಿ ತಿಳಿದಾಗ ರಾತ್ರಿ ಹನ್ನೆರಡೂವರೆ. ಅಕ್ಕನ ಮಗನನ್ನು ಎಬ್ಬಿಸಿ ಹೇಳಿದೆ!

ಮನೆಯಲ್ಲಿ ಕೂತು ದೂರದ ಸಂಗೀತವನ್ನು ಎರಡೂ ಕಿವಿಯಲ್ಲಿ ಕೇಳುವ ಆಸೆ ಎಷ್ಟು ಹಳೆಯದು? ಇಪ್ಪತ್ತು ವರ್ಷ? ಐವತ್ತು? 1881! ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನ. ಕ್ಲೆಮಾ ಅಡೇರ್ ಎಂಬ ಎಂಜಿನಿಯರ್ ಒಪೆರಾ ವೇದಿಕೆಯ ಅಂಚಿನಲ್ಲಿ ಸಾಲಾಗಿ ಟೆಲಿಫೋನ್ ಮೈಕುಗಳನ್ನಿಟ್ಟರು. ತಂತಿ ಎಳೆದರು. ಎರಡು ಕಿಲೋಮೀಟರ್ ಆಚೆ ಜನ ಒಂದೊಂದು ಕಿವಿಗೆ ಒಂದೊಂದು ರಿಸೀವರ್ ಹಿಡಿದು ಕೇಳಿದರು. ಗಾಯಕರು ಎಡದಿಂದ ಬಲಕ್ಕೆ ನಡೆದಾಡುವುದು ಕಿವಿಗೆ ತಿಳಿಯಿತು! 1890ರಿಂದ ಅದು ಮನೆಮನೆಗೆ ಚಂದಾ ಸೇವೆಯಾಯಿತು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ 1911ರಲ್ಲಿ ಚಂದಾದಾರರಾದರು. ತಿಂಗಳ ಚಂದಾ ಕಟ್ಟಿ ಹಾಡು ಕೇಳುವ ನಾವು ಹೊಸಬರೇನಲ್ಲ!

ಈಗ ನನ್ನ ಎದೆಯ ಮಾತಿಗೆ ಬರುತ್ತೇನೆ.

ಹೆಡ್‌ಫೋನ್ ತೆಗೆದಿಟ್ಟ ಮೇಲೂ ಒಂದು ಯೋಚನೆ ಬಿಡಲಿಲ್ಲ. ಇಂಥ ಸದ್ದನ್ನು ಮೊದಲೆಲ್ಲೋ ಕೇಳಿದ್ದೇನೆ! ಎಲ್ಲಿ? ಆಷಾಢದ ರಾತ್ರಿ! ರಾಮನಗರದ ಚಾಮುಂಡೇಶ್ವರಿ ಕರಗ! ಎದುರಿಗೆ ತಮಟೆ, ಹಿಂದೆ ತಮಟೆ, ಬಲಕ್ಕೆ ನಾದಸ್ವರ, ಮಹಡಿಗಳ ಮೇಲಿಂದ ಹೆಣ್ಣುಮಕ್ಕಳ ದನಿ, ನೆತ್ತಿಯ ಮೇಲೆ ಸಿಡಿಯುವ ಪಟಾಕಿ. ಸದ್ದಿನ ನಟ್ಟನಡುವೆ ನಾನು! ಕನಕಪುರದ ಆಚೆ, ಅರ್ಕಾವತಿ ಬಂದು ಕಾವೇರಿಗೆ ಸೇರುವ ಸಂಗಮದಿಂದ ಮುಂದೆ ಮೇಕೆದಾಟಿನಲ್ಲಿ ನಿಂತವರನ್ನು ಕೇಳಿ. ಆ ಇಕ್ಕಟ್ಟು ಕಂದಕದಲ್ಲಿ ನೀರಿನ ಮೊರೆತ ಕಾಲಡಿಯಿಂದ ಏರಿ ಬರುತ್ತದೆ! ಅದನ್ನು ಯಾವ ಸ್ಟಿರಿಯೊ ಹಿಡಿದೀತು?

ಎಚ್.ಎಲ್. ನಾಗೇಗೌಡರು ಹಳ್ಳಿಹಳ್ಳಿ ತಿರುಗಿ ಜನಪದ ಹಾಡು ಕೂಡಿಹಾಕಿದರು. 1994ರಲ್ಲಿ ಮೈಸೂರು ರಸ್ತೆಯಲ್ಲಿ, ನಮ್ಮೂರಿನ ಮಗ್ಗುಲಲ್ಲೇ, ಜಾನಪದ ಲೋಕ ಎಂಬ ಸಂಗ್ರಹಾಲಯ ತೆರೆದರು. ಹಾಡು ಉಳಿಯಿತು. ಹಾಡಿನ ಸುತ್ತ ಇದ್ದ ಅಂಗಳವನ್ನು ಉಳಿಸುವ ಸರದಿ ಈಗ ನಮ್ಮದು!

ಅದಕ್ಕೆ ದೊಡ್ಡ ಸ್ಟುಡಿಯೊ ಬೇಕೆ? ಬೇಡ! ಕಿವಿಯೊಳಗೆ ಕೂರುವ ಎರಡು ಪುಟ್ಟ ಮೈಕು, ಒಂದು ಪುಟ್ಟ ರೆಕಾರ್ಡರ್. ಇದಕ್ಕೆ ಬೈನಾರಲ್ ರೆಕಾರ್ಡಿಂಗ್ ಎನ್ನುತ್ತಾರೆ. ಮೈಕು ನಿಮ್ಮ ಕಿವಿಯಲ್ಲೇ ಇರುವುದರಿಂದ ಮಡಿಕೆಗಳ ಕೆಲಸ ತಾನಾಗಿ ಆಗಿಬಿಡುತ್ತದೆ. ಆಮೇಲೆ ಯಾವ ಸಾಧಾರಣ ಇಯರ್‌ಫೋನಿನಲ್ಲಿ ಕೇಳಿದರೂ ಸಾಕು, ತಮಟೆ ಬೆನ್ನ ಹಿಂದೆಯೇ ಇರುತ್ತದೆ!

ರಾಮನಗರದ, ಚನ್ನಪಟ್ಟಣದ, ಕನಕಪುರದ, ಮಾಗಡಿಯ ಹುಡುಗ ಹುಡುಗಿಯರೇ, ಬರುವ ಆಷಾಢದಲ್ಲಿ ಕರಗ ಹೊರಟಾಗ ಆ ಎರಡು ಮೈಕು ಕಿವಿಗಿಟ್ಟುಕೊಂಡು ತಮಟೆಗಳ ನಡುವೆ ಹತ್ತು ನಿಮಿಷ ನಿಲ್ಲಿ. ತಲೆ ಅಲುಗಿಸಬೇಡಿ, ಮಾತಾಡಬೇಡಿ. ದಾಖಲಾದದ್ದರ ಒಂದು ಪ್ರತಿಯನ್ನು ಜಾನಪದ ಲೋಕಕ್ಕೆ ತಲುಪಿಸಿ. ಇನ್ನೊಂದು ಪ್ರತಿಯನ್ನು, ಕರಗ ನೋಡಲು ಮನೆಯಿಂದ ಹೊರಡಲಾಗದ ನಿಮ್ಮ ಅಜ್ಜಿಯ ಕಿವಿಗೆ ಇಡಿ.